ಹಳೇ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಆರ್ಕೈವ್: ಆರು ವರ್ಷ ಬಳಸಿದ ಮೇಲೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಆರು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ವಾರ ಲಂಡನ್ನಿನ ರಾಯಲ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘದ ಈ ಹಳೇ ಪತ್ರಿಕೆಯನ್ನು ಆನ್‌ಲೈನಿನಲ್ಲಿ ತೆಗೆದು ಓದುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ. 70 ವರ್ಷಕ್ಕಿಂತ ಹಳೆಯ ಲೇಖನಗಳನ್ನು 2011ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ನನಗಂತೂ ಇದು ಪಾಠ ಮಾಡುವ ರೀತಿಯನ್ನೇ ಬದಲಿಸಿತು.

ಹೊಸಬರು ಮೊದಲ ಸಂಚಿಕೆಯಿಂದಲೇ ಶುರು ಮಾಡಿ. 1665ರ ಮಾರ್ಚ್ 6ರದ್ದು, ಬರೀ 16 ಪುಟ. ಒಂದೇ ಕೂತಲ್ಲಿ ಓದಿ ಮುಗಿಯುತ್ತದೆ. ಗುರು ಗ್ರಹದ ಮೇಲೆ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಕಂಡ ಮಚ್ಚೆ, ಬರ್ಮುಡಾದ ತಿಮಿಂಗಿಲ ಬೇಟೆ, ಹಡಗಿನಲ್ಲಿ ಲೋಲಕದ ಗಡಿಯಾರ ಹೇಗೆ ನಡೆಯಿತು ಅನ್ನುವ ವರದಿ, ಗಣಿತಜ್ಞ ಫರ್ಮಾ ತೀರಿಕೊಂಡ ಸುದ್ದಿ, ಎಲ್ಲ ಇವೆ. ಬಾಯ್ಲ್ ಕಳಿಸಿದ ಒಂದು ಪುಟ್ಟ ವರದಿಯೂ ಇದೆ. ಕಟುಕನೊಬ್ಬ ಹಸು ಕೊಯ್ದಾಗ ಅದರ ಹೊಟ್ಟೆಯಲ್ಲಿ ವಿಚಿತ್ರ ಕರು ಸಿಕ್ಕಿತಂತೆ. ಹಿಂಗಾಲಿಗೆ ಕೀಲಿಲ್ಲ, ನಾಲಿಗೆ ಮೂರು ಸೀಳು. ನಮ್ಮ ಮಕ್ಕಳಿಗೆ ಬಾಯ್ಲ್ ಅಂದರೆ ಒತ್ತಡ ಮತ್ತು ಗಾತ್ರದ ನಿಯಮ, ಅಷ್ಟೇ. ಈ ಕರುವಿನ ಕಥೆ ಓದಿ ಹೇಳಿದ ದಿನ ಇಡೀ ಕ್ಲಾಸು ಕಣ್ಣರಳಿಸಿ ಕೂತಿತ್ತು.

ಈ ಪತ್ರಿಕೆ ಹೊರತಂದವರು ಹೆನ್ರಿ ಓಲ್ಡೆನ್‌ಬರ್ಗ್. ಜರ್ಮನಿಯ ಬ್ರೆಮೆನ್ ಊರಿನವರು, ಸೊಸೈಟಿಯ ಕಾರ್ಯದರ್ಶಿ. ಯುರೋಪಿನ ಮೂಲೆ ಮೂಲೆಯಿಂದ ಅವರಿಗೆ ಕಾಗದ ಬರುತ್ತಿದ್ದವು. ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿ ‘ಗ್ರೂಬೆಂಡಾಲ್’ ಅನ್ನುವ ಹೆಸರಿಗೂ ತರಿಸಿಕೊಳ್ಳುತ್ತಿದ್ದರು. ಪತ್ರಿಕೆ ಶುರುವಾದ ವರ್ಷವೇ ಲಂಡನ್ನಿಗೆ ಪ್ಲೇಗ್ ಬಂತು. ಕೆಲವು ಸಂಚಿಕೆ ಆಕ್ಸ್‌ಫರ್ಡಿನಲ್ಲಿ ಅಚ್ಚಾದವು. 1666ರ ಬೆಂಕಿಯಲ್ಲಿ ಪುಸ್ತಕ ವ್ಯಾಪಾರಿಗಳ ದಾಸ್ತಾನು ಸುಟ್ಟುಹೋಯಿತು. 1667ರಲ್ಲಿ ಡಚ್ಚರ ಜೊತೆ ಯುದ್ಧ ನಡೆಯುತ್ತಿದ್ದಾಗ ಅನುಮಾನದ ಮೇಲೆ ಓಲ್ಡೆನ್‌ಬರ್ಗ್ ಅವರನ್ನೇ ಲಂಡನ್ ಟವರಿನಲ್ಲಿ ಕೂಡಿಹಾಕಿದರು. ಹೊರಗೆ ಬಂದು ಮತ್ತೆ ಪತ್ರಿಕೆ ನಡೆಸಿದರು. ಇಷ್ಟು ಗೊತ್ತಿದ್ದು ಓದಿದರೆ ಪ್ರತಿ ಸಂಚಿಕೆಯೂ ಬೇರೆಯಾಗಿ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಲೇವನ್‌ಹುಕ್ ಪತ್ರಗಳು. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಲ್ಯಾಟಿನ್ ಬಾರದು. ಡಚ್ ಭಾಷೆಯಲ್ಲಿ ಬರೆದು ಕಳಿಸುತ್ತಿದ್ದರು. 1676ರಲ್ಲಿ ಬರೆದ ಪತ್ರವನ್ನು ಓಲ್ಡೆನ್‌ಬರ್ಗ್ ಇಂಗ್ಲಿಷಿಗೆ ತಂದು 1677ರಲ್ಲಿ ಅಚ್ಚು ಹಾಕಿದರು. ಮೆಣಸಿನ ಕಾಳು ಯಾಕೆ ಖಾರ ಅಂತ ತಿಳಿಯಬೇಕಾಗಿತ್ತು ಲೇವನ್‌ಹುಕ್‌ಗೆ. ಕಾಳು ನೀರಿನಲ್ಲಿ ನೆನೆಹಾಕಿದರು. ಸುಮಾರು ಮೂರು ವಾರ ಬಿಟ್ಟು ನೋಡಿದರೆ ನೀರಿನ ತುಂಬ ಜೀವಿಗಳು ಓಡಾಡುತ್ತಿವೆ. ಲಂಡನ್ನಿನವರು ತಕ್ಷಣ ನಂಬಲಿಲ್ಲ. ಊರಿನ ಪಾದ್ರಿಗಳೂ ಇತರರೂ ಕಣ್ಣಾರೆ ನೋಡಿದ್ದೇವೆ ಅಂತ ಬರೆದುಕೊಟ್ಟ ಸಾಕ್ಷಿ ಕಾಗದಗಳನ್ನೂ ಅವರು ಕಳಿಸಬೇಕಾಯಿತು. ಕೊನೆಗೆ 1677ರ ನವೆಂಬರಿನಲ್ಲಿ ಹುಕ್ ತಾವೇ ಮೆಣಸಿನ ನೀರು ಮಾಡಿ ನೋಡಿದರು. ಕಂಡಿತು!

ಹೋದ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಅದನ್ನೇ ಮಾಡಿದೆ. ಅಡುಗೆ ಮನೆಯ ಕರಿಮೆಣಸು, ಒಂದು ಗಾಜಿನ ಲೋಟ, ಶಾಲೆಯ ಹಳೇ ಸೂಕ್ಷ್ಮದರ್ಶಕ. ಮೊದಲ ವಾರ ಏನೂ ಇಲ್ಲ. ಹನ್ನೆರಡನೇ ದಿನ ನೀರಿನ ಮೇಲೆ ತೆಳ್ಳಗೆ ಕೆನೆಯ ಹಾಗೆ ಪೊರೆ ಕಟ್ಟಿತ್ತು. ಅದರಿಂದ ಒಂದು ಹನಿ ತೆಗೆದು ಇಟ್ಟೆವು. ನೋಡುತ್ತಿದ್ದ ಹುಡುಗಿ ಕಣ್ಣು ತೆಗೆಯದೆ “ಮಿಸ್, ಓಡ್ತಾ ಇದೆ” ಅಂದಳು. ಆಮೇಲೆ 1677ರ ಪುಟ ತೋರಿಸಿದೆ. ಆ ಪುಟ ಅವರಿಗೆ ಪಾಠವಾಗಿ ಉಳಿಯಲಿಲ್ಲ, ತಾವು ನೋಡಿದ್ದನ್ನೇ ಇನ್ನೊಬ್ಬರು ಬರೆದ ಹಾಗಿತ್ತು.

ಈಗ ತೊಡಕುಗಳು. ಹುಡುಕುವುದು ಕಷ್ಟ. ಆಗಿನ ಅಚ್ಚಿನಲ್ಲಿ ‘ಎಸ್’ ಅಕ್ಷರವನ್ನು ಉದ್ದಕ್ಕೆ ಎಳೆಯುತ್ತಿದ್ದರು, ನೋಡಲು ‘ಎಫ್’ ತರಹವೇ. ಸ್ಕ್ಯಾನ್ ಓದುವ ಸಾಫ್ಟ್‌ವೇರಿಗೆ ‘ಸನ್’ ಅನ್ನುವುದು ‘ಫನ್’ ಆಗಿ ಕಾಣಬಹುದು. ಯಾವ ತಾಣದಲ್ಲೇ ಹಳೇ ಇಂಗ್ಲಿಷ್ ಪತ್ರಿಕೆ ಓದಿದರೂ ಇದು ಎದುರಾಗುತ್ತದೆ. ಸಿಗದಿದ್ದರೆ ಎಫ್ ಹಾಕಿ ಇನ್ನೊಮ್ಮೆ ಹುಡುಕಿ. ತಾರೀಖಿನಲ್ಲೂ ಎಡವುತ್ತೀರಿ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅದಕ್ಕೇ ಮೊದಲ ಸಂಚಿಕೆಯ ಮೇಲೆ 1664/5 ಅಂತ ಇದೆ, ಆಗಿನ ಲೆಕ್ಕಕ್ಕೆ 1664, ನಮ್ಮ ಲೆಕ್ಕಕ್ಕೆ 1665. ಬೆಳಕು, ಬಣ್ಣದ ಬಗ್ಗೆ ನ್ಯೂಟನ್ ಬರೆದ ಪ್ರಸಿದ್ಧ ಪತ್ರ ಬಂದ ಸಂಚಿಕೆಗೆ 1671/2. ಕೆಲವು ಲೇಖನ ಪೂರ್ತಿ ಲ್ಯಾಟಿನ್, ಅವನ್ನು ನಾನು ಬಿಟ್ಟುಬಿಡುತ್ತೇನೆ.

ಕಾಗದದ ಪುಸ್ತಕವೇ ಇರಲಿ ಅಂತ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ಒಂದು ಸಂಪುಟದ ಮರುಮುದ್ರಣ ತರಿಸಿದ್ದೆ. ಮಡಚಿದ ಚಿತ್ರದ ಹಾಳೆಗಳನ್ನು ಬಿಡಿಸದೆ ಹಾಗೇ ಸ್ಕ್ಯಾನ್ ಮಾಡಿದ್ದರು. ಅರ್ಧ ಚಿತ್ರ ಮಾತ್ರ ಇದೆ. ವಾಪಸ್ ತಗೊಳ್ಳಲೂ ಇಲ್ಲ. ಸುಮ್ನೆ ದುಡ್ಡು ಹಾಕಬೇಡಿ. ಪಿಡಿಎಫ್ ಇಳಿಸಿಕೊಂಡು ಬೇಕಾದ ಪುಟ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ಸಾಕು.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಹುಡುಕಾಟದ ಕಷ್ಟಕ್ಕೆ.

ಈ ವರ್ಷ ಹತ್ತನೇ ಕ್ಲಾಸಿನ ಲೋಹಗಳ ಪಾಠಕ್ಕೆ 1795ರ ಒಂದು ಲೇಖನ ಇಟ್ಟುಕೊಂಡಿದ್ದೇನೆ. ಬರೆದವರು ಜಾರ್ಜ್ ಪಿಯರ್ಸನ್. ಬೊಂಬಾಯಿಯಿಂದ ಡಾಕ್ಟರ್ ಸ್ಕಾಟ್ ಕಳಿಸಿದ ಉಕ್ಕಿನ ಗಟ್ಟಿಗಳನ್ನು ಪರೀಕ್ಷೆ ಮಾಡಿ ಬರೆದದ್ದು. ಸ್ಟೋಡಾರ್ಟ್ ಅನ್ನುವ ಚಾಕು ತಯಾರಕರು ಅದರಲ್ಲಿ ಪೆನ್‌ನೈಫ್ ಮಾಡಿದರು. ಅದೇ ಸ್ಟೋಡಾರ್ಟ್ ಮುಂದೆ ಫ್ಯಾರಡೆ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ 1822ರಲ್ಲಿ ಇದೇ ಪತ್ರಿಕೆಯಲ್ಲಿ ಬರೆದರು. ಪಿಯರ್ಸನ್ ಲೇಖನದ ಶೀರ್ಷಿಕೆಯಲ್ಲೇ ಆ ಲೋಹಕ್ಕೆ ‘ವೂಟ್ಜ್’ ಅನ್ನುವ ಹೆಸರಿದೆ. ಇದು ನಮ್ಮ ಕನ್ನಡದ ‘ಉಕ್ಕು’ ಅಂತ ನಿಘಂಟುಗಳು ಹೇಳುತ್ತವೆ. ‘ವೂಕ್’ ಅಂತ ಬರೆದದ್ದು ಅಚ್ಚಿನಲ್ಲಿ ತಪ್ಪಿ ಹೀಗಾಗಿರಬೇಕಂತೆ. ಆ ಪುಟವನ್ನು ಪ್ರಿಂಟ್ ಹಾಕಿಸಿ ಲ್ಯಾಬಿನ ಬಾಗಿಲ ಪಕ್ಕ ಅಂಟಿಸಿದ್ದೇನೆ. ಅದರ ಕೆಳಗೆ ಯಾರೋ ಹುಡುಗ ಪೆನ್ಸಿಲಿನಲ್ಲಿ ದೊಡ್ಡದಾಗಿ ‘ಉಕ್ಕು’ ಅಂತ ತಿದ್ದಿದ್ದಾನೆ. ಅಳಿಸಿಲ್ಲ.