ಚಿಲಕ ನನ್ನ ಕಡೆಗಿದ್ದ ಮನೆ: ಜೆಪ್ಪುವಿನಲ್ಲಿ ಎರಡು ವರ್ಷ

ಮಂಗಳೂರಿನ ಜೆಪ್ಪುವಿನಲ್ಲಿ, ಮೋರ್ಗನ್ಸ್ ಗೇಟ್ ಹತ್ತಿರದ ಒಳರಸ್ತೆಯ ಹಂಚಿನ ಮನೆ. ಅರ್ಧದಲ್ಲಿ ಮನೆಯೊಡತಿ ಇದ್ದಾರೆ, ಇನ್ನರ್ಧದಲ್ಲಿ ನಾನಿದ್ದೆ. ನಡುವೆ ಒಂದು ಬಾಗಿಲು. ಮನೆ ನೋಡಲು ಹೋದ ದಿನ ಅಡುಗೆಮನೆಗಿಂತ ಮೊದಲು ನಾನು ನೋಡಿದ್ದು ಆ ಬಾಗಿಲಿನ ಚಿಲಕವನ್ನು. ಅದು ಬಾಡಿಗೆಯವರ ಕಡೆಗಿತ್ತು. ಅಲ್ಲಿಯೇ ಮುಂಗಡ ಕೊಡುವ ಮನಸ್ಸು ಮಾಡಿದೆ.

ಕಾರಣವಿದೆ. ನಾನು ಹಾವೇರಿಯವಳು, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಲ್ಲಿ ಹತ್ತು ರಾತ್ರಿ ಪಾಳಿ ಇರುತ್ತದೆ, ಮರುದಿನ ಹಗಲು ನಿದ್ದೆ. ಇದಕ್ಕೆ ಮೊದಲು ಇದ್ದ ಮನೆಯಲ್ಲಿ ಒಂದು ಮಧ್ಯಾಹ್ನ ಎಚ್ಚರವಾಗಿ ನೋಡಿದರೆ ಮಾಲೀಕರು ನನ್ನ ಅಡುಗೆಮನೆಯಲ್ಲಿ ನಿಂತಿದ್ದರು. ನಲ್ಲಿ ಸೋರುತ್ತಿದೆಯೇ ಎಂದು ನೋಡಲು ಇನ್ನೊಂದು ಕೀಲಿಯಿಂದ ಬಾಗಿಲು ತೆರೆದು ಬಂದಿದ್ದರಂತೆ. ಕೇಳಿದ್ದಕ್ಕೆ, ‘ನಮ್ಮದೇ ಮನೆಯಲ್ಲವೇ’ ಎಂದರು. ಆ ಮಾತು ಇವತ್ತಿಗೂ ಮೈ ಉರಿಸುತ್ತದೆ. ಬಾಡಿಗೆ ತೆಗೆದುಕೊಂಡ ಮೇಲೆ ಆ ನಾಲ್ಕು ಗೋಡೆಯ ಒಳಗೆ ನಿದ್ದೆ ಮಾಡುವ ಹಕ್ಕು ನನ್ನದು. ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಎಂಟು ಸಾವಿರ ರೂಪಾಯಿ ಮುರಿದುಕೊಂಡರು.

ಜೆಪ್ಪುವಿನ ಮನೆಯೊಡತಿ ಒಂಟಿಯಾಗಿರುವ ಕ್ಯಾಥೊಲಿಕ್ ಹಿರಿಯರು. ಕೇರಿಯವರಂತೆ ನಾನೂ ಬಾಯಮ್ಮ ಎನ್ನುತ್ತೇನೆ, ಅವರು ನನ್ನನ್ನು ಸಿಸ್ಟರ್ ಎನ್ನುತ್ತಾರೆ. ಎರಡು ವರ್ಷದಲ್ಲಿ ಒಮ್ಮೆಯೂ ಅವರು ತಟ್ಟದೆ ಒಳಗೆ ಬಂದವರಲ್ಲ. ಚಿಲಕ ತೆಗೆದ ಮೇಲೂ ಹೊಸ್ತಿಲಿನ ಆಚೆ ನಿಂತು ‘ಬರಲೇ’ ಎಂದು ಕೇಳುತ್ತಾರೆ.

ಬಾಡಿಗೆ ತಿಂಗಳಿಗೆ 6,500 ರೂಪಾಯಿ, ಮುಂಗಡ 30,000. ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂದು ಎಲ್ಲರೂ ಹೀಗೆಯೇ ಮಾಡುತ್ತಾರೆ. ಆದರೆ ಅವಧಿ ಮುಗಿದಾಗ ಹೊಸದಾಗಿ ಬರೆಸಿಕೊಳ್ಳುವುದನ್ನು ಮರೆಯಬೇಡಿ, ಬಾಯಮ್ಮನವರೂ ಮರೆಯುವವರೇ. ಎರಡೂ ಭಾಗಗಳಿಗೆ ಬೇರೆ ಬೇರೆ ವಿದ್ಯುತ್ ಮೀಟರ್ ಇರುವುದು ದೊಡ್ಡ ಅನುಕೂಲ. 2023ರಲ್ಲಿ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಒಂದೇ ಮೀಟರಿನಲ್ಲಿ ಎರಡು ಸಂಸಾರ ನಡೆಸುವ ಮನೆಗಳಲ್ಲಿ ಜಗಳವಾಗುವುದು ಇಲ್ಲಿಯೇ: ಇಬ್ಬರ ಬಳಕೆ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ, ದಾಟಿಸಿದವರು ಯಾರು ಎಂಬ ಮಾತು ಏಳುತ್ತದೆ. ಬಾಡಿಗೆದಾರರಿಗೂ ಈ ಯೋಜನೆ ಸಿಗುತ್ತದೆ. ನಾನು ಕರಾರು ಪತ್ರ ತೋರಿಸಿ ನನ್ನ ಆಧಾರನ್ನು ನನ್ನ ಭಾಗದ ಮೀಟರಿನ ಆರ್‌ಆರ್ ಸಂಖ್ಯೆಗೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಗೆ, ಜೋಡಿಸಿಕೊಂಡೆ.

ಇನ್ನು ಈ ಮನೆಯ ನಿಜವಾದ ಪರೀಕ್ಷೆ. 1865ರಲ್ಲಿ ಬಾಸೆಲ್ ಮಿಶನ್‌ನವರ ಹಂಚಿನ ಕಾರ್ಖಾನೆ ಶುರುವಾದದ್ದು ಇದೇ ಜೆಪ್ಪುವಿನಲ್ಲಿ, ಮಾಡಿಗೆ ಹಂಚಲ್ಲದೆ ಬೇರೇನೂ ಇಲ್ಲದ ಮನೆಗಳು ಇಲ್ಲಿ ಇನ್ನೂ ಉಳಿದಿವೆ. ಇಂಥ ಮನೆಯಲ್ಲಿ ನಡುಗೋಡೆ ಮಾಡಿನವರೆಗೆ ಏರುವುದಿಲ್ಲ. ಮೇಲೆ ಮೂರು ಅಡಿ ತೆರೆದೇ ಇರುತ್ತದೆ. ಬಾಗಿಲಿಗೆ ಚಿಲಕ ಹಾಕಬಹುದು, ಅದಕ್ಕೆ ಏನು ಹಾಕುವುದು? ಅವರ ಟಿ.ವಿ., ಸಂಜೆಯ ತೇರ್ಸ್ (ಜಪಮಾಲೆ) ಪ್ರಾರ್ಥನೆ, ಬಂಗುಡೆ ಹುರಿಯುವ ವಾಸನೆ ಎಲ್ಲವೂ ಈಚೆಗೆ ಬರುತ್ತವೆ. ನಾನು ಮೀನು ತಿನ್ನುವವಳಲ್ಲ. ಮೊದಲ ತಿಂಗಳು ಊಟವೇ ಸೇರಲಿಲ್ಲ. ಆದರೆ ಬೆಳಗಿನ ಐದೂವರೆಗೆ ನಾನು ಜೋಳದ ರೊಟ್ಟಿ ಬಡಿಯುವ ಸದ್ದು ಆಚೆಗೆ ಹೋಗುತ್ತಿತ್ತು. ಮೂರನೆಯ ದಿನ ಬಾಯಮ್ಮ ಬಾಗಿಲು ತಟ್ಟಿ, ‘ಸಿಸ್ಟರ್, ಏನು ಕುಟ್ಟುತ್ತಿದ್ದೀರಿ?’ ಎಂದು ಕೇಳಿದರು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ನನ್ನ ಪಾಳಿಯ ಪಟ್ಟಿಯ ಒಂದು ಪ್ರತಿಯನ್ನು ಅವರು ಕೇಳಿ ತೆಗೆದುಕೊಂಡು ಫ್ರಿಜ್ ಮೇಲೆ ಅಂಟಿಸಿಕೊಂಡರು. ಅಂದಿನಿಂದ ನಾನು ಮಲಗುವ ಹಗಲುಗಳಲ್ಲಿ ಟಿ.ವಿ. ಸದ್ದಿಲ್ಲ. ನಾನು ರೊಟ್ಟಿಯನ್ನು ಸಂಜೆಗೆ ಬದಲಾಯಿಸಿಕೊಂಡೆ. ಮಲಗುವ ಕೋಣೆಯ ಗಾಜಿನ ಹಂಚಿನಿಂದ ನೇರ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅವರೇ ರಟ್ಟಿನ ತುಂಡು ಕೊಟ್ಟು ಅಡ್ಡ ಇಡಿಸಿದರು.

ಸೆಪ್ಟೆಂಬರ್ 8ರಂದು ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಅವರ ಮನೆಯಲ್ಲಿ ಮೀನು ಮಾಂಸ ಮಾಡುವುದಿಲ್ಲ. ಹೊಸ ತೆನೆ ತಂದು, ಬೆಸಸಂಖ್ಯೆಯಲ್ಲಿ ತರಕಾರಿ ಪದಾರ್ಥ ಮಾಡಿ ಬಾಳೆಲೆಯಲ್ಲಿ ಬಡಿಸುತ್ತಾರೆ. ‘ಇವತ್ತು ನಿಮ್ಮ ಊಟ, ಬನ್ನಿ’ ಎಂದು ಕರೆದರು. ಅಮ್ಮನ ಮನೆ ಬಿಟ್ಟ ಮೇಲೆ ಯಾರೋ ನನಗೆ ಎಲೆ ಹಾಕಿ ಬಡಿಸಿದ್ದು ಅಂದೇ.

ದೋಷಗಳನ್ನೂ ಹೇಳಬೇಕು. ಜೂನ್‌ನಿಂದ ಮೂರು ತಿಂಗಳು ಬಟ್ಟೆ ಒಣಗುವುದಿಲ್ಲ. ಕಳೆದ ಮಳೆಗಾಲದಲ್ಲಿ ಹಂಚು ಸರಿದು, ಹತ್ತಿ ಸರಿಪಡಿಸುವವರು ಬರಲು ಐದು ದಿನವಾಯಿತು. ಅಷ್ಟೂ ದಿನ ಮಂಚ ಎಳೆದು ಅದರ ಜಾಗದಲ್ಲಿ ಬಕೆಟ್ ಇಟ್ಟಿದ್ದೆ. ಬಾವಿ ಇಬ್ಬರಿಗೂ ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ಪಂಪ್ ದಿನಕ್ಕೆ ಒಂದೇ ಸಲ, ಅದೂ ಬೆಳಿಗ್ಗೆ ಆರಕ್ಕೆ. ರಾತ್ರಿ ಪಾಳಿ ಮುಗಿಸಿ ಬಂದಾಗ ಟ್ಯಾಂಕಿನಲ್ಲಿ ಉಳಿದಷ್ಟೇ ನೀರು. ತಮ್ಮ ಬಂದರೆ ಎರಡು ರಾತ್ರಿ ಉಳಿಯಬಹುದು, ಮೊದಲೇ ತಿಳಿಸಬೇಕು. ಈ ನಿಯಮ ನನಗೆ ಒಪ್ಪಿಗೆಯಾಗಲಿಲ್ಲ, ಹಾಗೆಂದು ಅವರಿಗೂ ಹೇಳಿದೆ. ಒಂಟಿ ಹೆಂಗಸಿನ ಮನೆ, ರಾತ್ರಿ ಯಾರಿದ್ದಾರೆಂದು ತಮಗೆ ಗೊತ್ತಿರಬೇಕು ಎಂದರು. ಸುಮ್ಮನಾದೆ. ಗೇಟಿನ ಕೀಲಿಯನ್ನು ಮಾತ್ರ ಮೊದಲ ದಿನವೇ ಕೈಗೆ ಕೊಟ್ಟಿದ್ದರು, ಬಂದು ಹೋಗುವ ಹೊತ್ತನ್ನು ಎಂದೂ ಪ್ರಶ್ನಿಸಲಿಲ್ಲ.

ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಅರ್ಧ ಕಳೆದದ್ದು ನೀರಿಗೆ. ಊರಿನ ಹತ್ತಿರ ಕೆಲಸ ಸಿಕ್ಕಿದ್ದರಿಂದ ಈ ತಿಂಗಳ ಕೊನೆಗೆ ಬಿಡುತ್ತಿದ್ದೇನೆ. ಮುಂಗಡ ಪೂರ್ತಿ ಎಣಿಸಿ ಕೊಟ್ಟಾಗಿದೆ. ಮುಂದೆ ಬರುವವರು ಮಳೆಗೆ ಮೊದಲು ಹಂಚು ಸರಿಮಾಡಿಸಿದ್ದಾರೆಯೇ ಎಂದು ಕೇಳಿ, ನಿಮ್ಮ ಪಾಳಿಯ ಪಟ್ಟಿಯನ್ನು ಮೊದಲ ದಿನವೇ ಕೊಟ್ಟುಬಿಡಿ. ಫ್ರಿಜ್ ಮೇಲೆ ಜಾಗ ಖಾಲಿಯಾಗಿದೆ.