ಗ್ರೆನಡಾದ ಕೊಕ್ಕೊ ತೋಟದ ಹೋಂಸ್ಟೇ: ಡಿಗ್ರಿ ಮುಗಿಸಿ ಬಿಡುವಿನಲ್ಲಿರುವವರಿಗೆ

ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯ ತೋಟದ ಮನೆಗಳಲ್ಲಿ ಡಿಗ್ರಿ ಮುಗಿಸಿ ಮುಂದಿನ ಓದಿಗೆ ಮೊದಲು ಒಂದು ವರ್ಷ ಬಿಡುವು ಮಾಡಿಕೊಂಡವರಿದ್ದರೆ, ಅವರಿಗೆ ಈ ಜಾಗವನ್ನು ಧೈರ್ಯವಾಗಿ ಹೇಳುತ್ತೇನೆ. ಕೆರಿಬಿಯನ್ ಅಂದ ಕೂಡಲೇ ಎಲ್ಲರೂ ಬೀಚ್ ರೆಸಾರ್ಟ್ ಹುಡುಕುತ್ತಾರೆ. ನಾನು ಉಳಿದದ್ದು ಗ್ರೆನಡಾದ ಪಶ್ಚಿಮ ಕರಾವಳಿಯಲ್ಲಿ, ಗುಯಾವ್ ಎಂಬ ಮೀನುಗಾರರ ಪೇಟೆಯ ಮೇಲಿನ ಗುಡ್ಡದಲ್ಲಿ, ಒಂದು ಕೊಕ್ಕೊ ತೋಟದ ಮನೆಯಲ್ಲಿ.

ನಮ್ಮಲ್ಲಿ ಕಾಯಿ ಒಡೆದು ಹಸಿ ಬೀಜವನ್ನು ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕಿದರೆ ಮುಗಿಯಿತು. ಇಲ್ಲಿ ಕೆಲಸ ಶುರುವಾಗುವುದೇ ಅಲ್ಲಿಂದ. ಹುದುಗು ಬರಲೆಂದು ಮರದ ಪೆಟ್ಟಿಗೆಗೆ ಬೀಜ ಸುರಿದು ಬಾಳೆಎಲೆ ಮುಚ್ಚುತ್ತಾರೆ. ಮೊದಲು ಕಳ್ಳಿನ ವಾಸನೆ, ಆಮೇಲೆ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಮಗುಚುವಾಗ ಕೈ ಹಾಕಿ ನೋಡಿ, ಒಳಗೆ ಸುಡುತ್ತಿರುತ್ತದೆ. ವಾರದ ಹೊತ್ತಿಗೆ ತೆಗೆದು ದೊಡ್ಡ ಮರದ ತಟ್ಟೆಗಳಲ್ಲಿ ಹರಡುತ್ತಾರೆ. ಆ ತಟ್ಟೆಗಳಿಗೆ ಹಳಿಯ ಮೇಲೆ ಓಡುವ ಚಕ್ರ. ನಾಲ್ಕು ಹನಿ ಬಿದ್ದರೆ ತಳ್ಳಿ ಕಟ್ಟಡದ ಅಡಿಗೆ ಸೇರಿಸಿಬಿಡುತ್ತಾರೆ. ಮಳೆ ಬಂತೆಂದು ಅಂಗಳದ ಅಡಿಕೆ ಬಾಚಲು ಓಡುವ ನಾವು ನೋಡಲೇಬೇಕಾದ ಏರ್ಪಾಡು ಇದು. ಬರಿಗಾಲಲ್ಲಿ ಬೀಜದ ನಡುವೆ ಕಾಲೆಳೆಯುತ್ತಾ ನಡೆದು ಮಗುಚುವ ಕೆಲಸವನ್ನು ಅತಿಥಿಗಳಿಗೂ ಕೊಡುತ್ತಾರೆ. ಕೇಳಿದ್ದಕ್ಕೆಲ್ಲ ಮನೆಯ ಅಜ್ಜಿ ಬೇಸರಿಸದೆ ಉತ್ತರ ಹೇಳುತ್ತಾರೆ.

2004ರ ಐವನ್ ಚಂಡಮಾರುತಕ್ಕೆ ದ್ವೀಪದ ಬಹುಪಾಲು ಜಾಯಿಕಾಯಿ ಮರಗಳು ಉರುಳಿದವು. ಹೊಸ ಗಿಡ ಫಲ ಕೊಡಲು ಏಳೆಂಟು ವರ್ಷ. ಅಷ್ಟು ಕಾಲ ಮನೆ ನಡೆಸಿದ್ದು ಕೊಕ್ಕೊ ಎಂದು ಅಜ್ಜಿ ಹೇಳಿದಾಗ ಅಡಿಕೆಗೆ ಹಳದಿ ರೋಗ ಬಂದ ನಮ್ಮ ಕಡೆಯ ತೋಟಗಳೇ ಕಣ್ಣೆದುರು ಬಂದವು.

ಸಸ್ಯಾಹಾರಿಗಳು ಹೆದರಬೇಡಿ. ಅಲ್ಲಿನ ಆಯಿಲ್ ಡೌನ್ ಎಂದರೆ ಜೀಗುಜ್ಜೆ, ಕೆಸುವಿನ ಎಲೆ, ಅರಿಶಿನ, ತೆಂಗಿನ ಹಾಲು ಸೇರಿಸಿ ಹಾಲು ಇಂಗುವ ತನಕ ಬೇಯಿಸಿದ್ದು. ಉಪ್ಪು ಹಾಕಿದ ಮಾಂಸವೂ ಬೀಳುತ್ತದೆ. ಮೊದಲೇ ಹೇಳಿದರೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ. ತಳ ಹಿಡಿದ ಜೀಗುಜ್ಜೆಯ ರುಚಿಯೇ ಬೇರೆ.

ಕೋಣೆ ಸಾಧಾರಣ. ಎಸಿ ಇಲ್ಲ, ಸೊಳ್ಳೆಪರದೆ ಇದೆ, ಹುದುಗು ಬರಿಸುವ ಪೆಟ್ಟಿಗೆಯ ವಾಸನೆ ಒಳಗೂ ಬರುತ್ತದೆ. ಊಟ ಸೇರಿ ದಿನಕ್ಕೆ 100 ಪೂರ್ವ ಕೆರಿಬಿಯನ್ ಡಾಲರ್; 2.70ಕ್ಕೆ ಒಂದು ಅಮೆರಿಕನ್ ಡಾಲರ್, ಈ ದರ 1976ರಿಂದ ಬದಲಾಗಿಲ್ಲ. ರಾಜಧಾನಿ ಸೇಂಟ್ ಜಾರ್ಜಸ್‌ನಿಂದ ಮಿನಿಬಸ್ ಇದೆ. ಇಳಿಯಬೇಕಾದಲ್ಲಿ ಬಸ್ಸಿನ ತಗಡಿಗೆ ಬಡಿದರೆ ನಿಲ್ಲಿಸುತ್ತಾರೆ.

ಟಿಕೆಟ್ ಮಾಡಿಸುವಾಗ ಮಾತ್ರ ಜಾಗ್ರತೆ. ಗ್ರೆನಡಾ ನಮಗೆ ವೀಸಾ ಕೇಳುವುದಿಲ್ಲ, ಆದರೆ ಮಯಾಮಿ ಅಥವಾ ನ್ಯೂಯಾರ್ಕ್‌ನಲ್ಲಿ ಬರೀ ವಿಮಾನ ಬದಲಾಯಿಸಲಿಕ್ಕೂ ಅಮೆರಿಕದ ವೀಸಾ ಬೇಕು. ಏಜೆಂಟರ ಬಳಿ ಇದನ್ನು ಬಾಯಿಬಿಟ್ಟು ಕೇಳಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಜನವರಿಯಿಂದ ಮೇ ಒಳಗೆ ಹೋದರೆ ಬಿಸಿಲೂ ಇರುತ್ತದೆ, ಕೊಕ್ಕೊ ಕೊಯ್ಲೂ ಸಿಗುತ್ತದೆ.