ಮಾಟುಂಗಾದಲ್ಲಿ ಕ್ಯೂಬಾ ಪಾಠ

ಮುಂಬೈನ ಮಾಟುಂಗಾದ ಕನ್ನಡ ಸಂಘವೊಂದು ಭಾನುವಾರ ಸಂಜೆ ನಡೆಸುವ ಇತಿಹಾಸ ತರಗತಿಗಳಲ್ಲಿ ಕ್ಯೂಬಾ ಕ್ರಾಂತಿಯ ಪಾಠವೇ ಅತ್ಯುತ್ತಮವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಸರ್ವಾಧಿಕಾರಿ ಬಟಿಸ್ಟಾ ದೇಶಬಿಟ್ಟು ಓಡಿದ 1959ರಿಂದಲ್ಲ, ದ್ವೀಪದ ವ್ಯವಹಾರಗಳಲ್ಲಿ ಮಧ್ಯಪ್ರವೇಶಿಸುವ ಹಕ್ಕನ್ನು ಅಮೆರಿಕಕ್ಕೆ ಒದಗಿಸಿದ 1901ರ ಪ್ಲಾಟ್ ತಿದ್ದುಪಡಿಯಿಂದಲೇ ಪಾಠ ಆರಂಭವಾದ್ದರಿಂದ, ಬಲಾಢ್ಯ ನೆರೆರಾಷ್ಟ್ರದ ಮೇಲಿನ ಸಿಟ್ಟು ಎಷ್ಟು ಹಳೆಯದೆಂಬುದು ಮನದಟ್ಟಾಗುತ್ತದೆ. ಕ್ಯೂಬಾ ನೆಲದಲ್ಲೇ ಇರುವ ತನ್ನ ಗ್ವಾಂಟನಾಮೊ ನೌಕಾ ನೆಲೆಯ ಬಾಡಿಗೆಗೆಂದು ಅಮೆರಿಕ ವರ್ಷಕ್ಕೊಮ್ಮೆ ಕಳುಹಿಸುವ ಚೆಕ್ಕುಗಳಲ್ಲಿ (ಈಚಿನ ಮೊತ್ತ 4,085 ಡಾಲರ್) 1959ರದೊಂದನ್ನು ಬಿಟ್ಟು ಉಳಿದವನ್ನು ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೊ ಅವರ ಸರ್ಕಾರ ನಗದು ಮಾಡಿಕೊಳ್ಳಲೇ ಇಲ್ಲವೆಂದಾಗ, ಪಕ್ಕದಲ್ಲಿದ್ದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಮತ್ತೊಮ್ಮೆ ಕೇಳಿ ಬರೆದುಕೊಂಡರು. ಕ್ಯೂಬಾದಲ್ಲಿ ಸೋವಿಯತ್ ಒಕ್ಕೂಟ ನೆಲೆಗೊಳಿಸಿದ ಕ್ಷಿಪಣಿಗಳು ಅದನ್ನೂ ಅಮೆರಿಕವನ್ನೂ ಯುದ್ಧದ ಅಂಚಿಗೆ ತಂದ 1962ರ ಕ್ಷಿಪಣಿ ಬಿಕ್ಕಟ್ಟಿನ ವಿವರಣೆಯೂ ಚೊಕ್ಕವಾಗಿತ್ತು. ಕ್ರಾಂತಿಯ ಸರ್ಕಾರ ವಿರೋಧಿಗಳನ್ನು ಸೆರೆಗೆ ತಳ್ಳಿದ್ದನ್ನು ಮರೆಮಾಚದಿರುವುದು ನನಗೆ ಬಹಳ ಮುಖ್ಯವೆನಿಸಿತು. ಕ್ಯೂಬಾಕ್ಕೆ ನೆರವು ನೀಡುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದ ಬಳಿಕ ಕ್ಯೂಬನ್ನರು ಅನುಭವಿಸಿದ ಅಭಾವಕ್ಕೆ ಮಾತ್ರ ಇನ್ನೊಂದು ಸಂಜೆಯನ್ನೇ ಮೀಸಲಿಡಬೇಕಿತ್ತು.